ಘಮಘಮ ಮರ್ಯಾದೆ

ಮನೆಯೊಳಗೆ ಬಳಸುವ ಘಾಟು ರಾಸಾಯನಿಕಗಳನ್ನು ಹೇಗೆ ಕಡಿಮೆ ಮಾಡಬಹುದು ಅಂತ ಊರೂರಿಗೆ ಹೋಗಿ ಹೆಂಗಸರಿಗೆ ಹೇಳುವುದು ನನ್ನ ಕೆಲಸ. ಸೊರಬದ ಹತ್ತಿರದ ಜಡೆ ಎಂಬ ಊರಿನಲ್ಲಿ ಮಹಿಳಾ ಸಂಘದ ಗಿರಿಜಮ್ಮ ತಮ್ಮ ಮನೆಯಲ್ಲೇ ಸಭೆ ಇಟ್ಟುಕೊಂಡಿದ್ದರು. ಹೊಸ್ತಿಲು ದಾಟಿದ್ದೇ ತಡ, ನನ್ನ ಕಣ್ಣಲ್ಲಿ ನೀರು ಬಂತು. ನೆಲಕ್ಕೆಲ್ಲ ಫಿನಾಯಿಲ್, ಗಾಳಿಗೆಲ್ಲ ಮಲ್ಲಿಗೆ ಸ್ಪ್ರೇ, ನನಗೆಂದು ಹಾಕಿದ್ದ ಕುರ್ಚಿಯ ಕೆಳಗೆ ಹೊಗೆಯಾಡುವ ಸೊಳ್ಳೆ ಬತ್ತಿ. ಕಿಟಕಿಗಳೆಲ್ಲ ಭದ್ರವಾಗಿ ಮುಚ್ಚಿದ್ದವು.

"ಎಲ್ಲರಿಗೂ ನಮಸ್ಕಾರ" ಅನ್ನುವಷ್ಟರಲ್ಲಿ ಒಂದರ ಹಿಂದೆ ಒಂದು ಸೀನು.

"ಅಯ್ಯೋ, ನೆಗಡಿಯಾ ಮೇಡಂ?" ಗಿರಿಜಮ್ಮ ಗಾಬರಿಯಾದರು.

"ಇಲ್ಲಮ್ಮ, ಸ್ವಲ್ಪ ಕಿಟಕಿ ತೆಗೀರಿ, ಸಾಕು" ಅಂದೆ.

"ತೆಗೆದ್ರೆ ಪರಿಮಳ ಎಲ್ಲ ಹೋಗ್ಬಿಡುತ್ತಲ್ರೀ! ದಿನಾ ನಾವು ಇದನ್ನೆಲ್ಲ ಹಾಕಲ್ಲ. ನೀವು ಬರ್ತೀರಿ ಅಂತ ಸೊರಬದಿಂದ ತರ್ಸಿದ್ದು."

ಅಷ್ಟು ಪ್ರೀತಿಯಿಂದ ಮಾಡಿದ ಮರ್ಯಾದೆಯನ್ನು ವಿಷ ಅನ್ನಲಾಗುತ್ತದೆಯೇ? ಮೂಗು ಒರೆಸಿಕೊಂಡು ಸಭೆಯನ್ನು ಜಗಲಿಗೆ ಸಾಗಿಸಿದೆ. ನಾನು ಬಂದ ವಿಷಯ ಏನೆಂದು ತಿಳಿದ ಮೇಲೆ ಅವರಿಗೇ ನಗು ತಡೆಯಲಾಗಲಿಲ್ಲ.

ಹೊರಡುವಾಗ ಗಿರಿಜಮ್ಮ, "ಮುಂದಿನ ಸಲ ಹೇಳ್ದೇ ಬಂದ್ಬಿಡಿ ಮೇಡಂ, ಆವಾಗ ಮನೆ ನೀವು ಹೇಳ್ದಂಗೇ ಇರುತ್ತೆ" ಅಂದರು.

ಒಳ್ಳೆಯ ಉಪಾಯ ಅನ್ನಿಸಿತು. ಮುಂದಿನ ವಾರ ಶಿಕಾರಿಪುರದ ಕಡೆ, ಅಂಜನಾಪುರದ ಒಂದು ಮನೆಗೆ ಸುಳಿವೇ ಕೊಡದೆ ಹೋಗಿ ಬಾಗಿಲು ತಟ್ಟಿದೆ. ಮನೆಯಾಕೆ ನನ್ನನ್ನು ನೋಡಿದವರೇ, "ಒಂದ್ ನಿಮಿಷ ನಿಲ್ರೀ ಮೇಡಂ" ಅಂತ ಒಳಗೆ ಓಡಿದರು. ಹಿಂದೆಯೇ ಸದ್ದು ಕೇಳಿಸಿತು: ಪುಸ್, ಪುಸ್.

ಈ ಸಲ ಗುಲಾಬಿ.