ತೊರಿಕಾ ಕೇಳಿಕೊಂಡ ಕಾಲು

ತೊರಿಕಾ ನಮ್ಮೂರಿಗೆ ಬಂದ ದಿನವೇ ನನ್ನ ಹುಂಜವನ್ನು ಹಿಡಿದುಕೊಂಡು ಹೋದಳು. ನಾನು ಒಲೆಯ ಮುಂದೆ ಮರಗೆಣಸು ಸುಲಿಯುತ್ತಿದ್ದೆ. ಅವಳು ಬೇಲಿಯ ಹತ್ತಿರ ನಿಂತು, "ಏ ಮುದುಕಿ, ನಾನು ಕೊರೊವಾತುವಿನವಳು. ಆ ಕೆಂಪು ಹುಂಜ ಇವತ್ತಿಂದ ನಂದು," ಅಂದಳು.

ಕೊರೊವಾತು ದ್ವೀಪದವರು ನಮಗೆ ತೌವು. ಅವರ ಮೂಲಪುರುಷನೂ ನಮ್ಮ ಮೂಲಪುರುಷನೂ ಅಣ್ಣತಮ್ಮಂದಿರು. ಹಾಗಾಗಿ ತೌವು ಬಂದು ಏನು ಕೇಳಿದರೂ ಇಲ್ಲ ಅನ್ನುವಂತಿಲ್ಲ, ಎಷ್ಟು ಬೈದರೂ ಕೋಪ ಮಾಡಿಕೊಳ್ಳುವಂತಿಲ್ಲ. ತಿರುಗಿ ಬೈಯಬಹುದು.

"ತಗೊಂಡು ಹೋಗು. ನಿಮ್ಮೂರಲ್ಲಿ ಕೋಳಿ ಹೇಗಿರತ್ತೆ ಅಂತ ಕಂಡವರೇ ಇಲ್ಲವಲ್ಲ," ಅಂದೆ.

ಅವಳಿಗೆ ಬಹಳ ಸಂತೋಷವಾಯಿತು. ಸಂಜೆ ಅದೇ ಹುಂಜದ ಸಾರು ಮಾಡಿ ಅರ್ಧ ನನಗೇ ತಂದುಕೊಟ್ಟಳು. ಉಪ್ಪು ಹೆಚ್ಚಾಗಿತ್ತು.

ಅವಳನ್ನು ರಾಜಧಾನಿ ಸುವಾದ ಒಂದು ಸೇವಾಸಂಸ್ಥೆ ಕಳಿಸಿತ್ತು. ಮಕ್ಕಳಿಗೆ ಸಂಜೆ ಓದಿಸುವುದು, ಹೆಂಗಸರು ತೆಗೆದ ಕೊಬ್ಬರಿ ಎಣ್ಣೆಗೆ ಪೇಟೆಯಲ್ಲಿ ಗಿರಾಕಿ ಹುಡುಕುವುದು, ಎಲ್ಲರ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡುವುದು ಅವಳ ಕೆಲಸ. ಅವಳಿಗಿಂತ ಮೊದಲು ಬಂದವರು ಸಭೆ ಕರೆದು, ಚಿತ್ರ ತೋರಿಸಿ, ಅರ್ಥವಾಯಿತೇ ಎಂದು ಕೇಳುತ್ತಿದ್ದರು. ಬಂದವರಿಗೆ ಇಲ್ಲ ಅನ್ನುವುದು ಹೇಗೆ ಎಂದು ನಾವು ಎಲ್ಲದಕ್ಕೂ ಹೌದು ಅನ್ನುತ್ತಿದ್ದೆವು. ಅವರು ಸಂತೋಷವಾಗಿ ದೋಣಿ ಹತ್ತುತ್ತಿದ್ದರು, ನಾವು ಸಂತೋಷವಾಗಿ ಮನೆಗೆ ಹೋಗುತ್ತಿದ್ದೆವು.

ತೊರಿಕಾ ಸಭೆ ಕರೆಯಲಿಲ್ಲ. ಊರಿನ ರಗ್ಬಿ ಚೆಂಡನ್ನು ಕೇಳಿ ತೆಗೆದುಕೊಂಡಳು. ಚೆಂಡು ಬೇಕಾದವರು ಚರ್ಚಿನ ಪಕ್ಕದ ಚಪ್ಪರದಲ್ಲಿ ಕುಳಿತು ಒಂದು ಪುಟ ಗಟ್ಟಿಯಾಗಿ ಓದಬೇಕು. ಸ್ವಲ್ಪ ದಿನಕ್ಕೆ ಮೀಸೆ ಬಂದವರು ಓದುವುದೂ ಕೇಳಿಸತೊಡಗಿತು. ನಾನೂ ಹೋಗಿ ಕುಳಿತೆ. ನನಗೆ ಚೆಂಡು ಬೇಕಾಗಿರಲಿಲ್ಲ.

ಸೂಜಿ ಚುಚ್ಚುವಾಗಲೂ ಅವಳ ಬಾಯಿ ಸುಮ್ಮನಿರಲಿಲ್ಲ. "ಬೆರಳು ಕೊಡು, ನಿಮ್ಮೂರವರ ಮೈಯಲ್ಲಿ ರಕ್ತ ಇದೆಯೋ ಮೀನಿನ ಸಾರಿದೆಯೋ ನೋಡೋಣ," ಅನ್ನುತ್ತಿದ್ದಳು. ನಗುತ್ತಾ ಎಲ್ಲರೂ ಬೆರಳು ಕೊಟ್ಟರು. ನನ್ನ ಅಣ್ಣ ಅಪಕೂಕಿ ಮಾತ್ರ ಕೊಡಲಿಲ್ಲ.

ಅಪಕೂಕಿ ಚರ್ಚಿನಲ್ಲಿ ಹಾಡು ಎತ್ತಿಕೊಡುವವನು. ದೊಡ್ಡ ಗಂಟಲು, ದೊಡ್ಡ ಮೈ. ಅತ್ತಿಗೆ ತೀರಿಕೊಂಡ ಮೇಲೆ ನನ್ನ ಮನೆಯ ಹಿಂದಿನ ಮನೆಯಲ್ಲಿ ಒಬ್ಬನೇ ಇದ್ದ. ಅವನ ಎಡಗಾಲಿಗೆ ಒಂದು ಬಟ್ಟೆ ಸುತ್ತಿರುತ್ತಿತ್ತು. ಹವಳದ ಬಂಡೆ ತರಚಿದ್ದು ಎಂದು ಎಲ್ಲರಿಗೂ ಹೇಳುತ್ತಿದ್ದ. ತರಚಿದ್ದು ಒಣಗಬೇಕಲ್ಲ. ಅವನು ನನ್ನ ಕಿಟಕಿ ದಾಟಿ ಹೋದರೆ ಹಿಂದೆ ನೊಣಗಳು ಹೋಗುತ್ತಿದ್ದವು, ಆಮೇಲೆ ವಾಸನೆ. ನಮ್ಮ ಚಿಕ್ಕಪ್ಪನ ಮಗನಿಗೂ ಹೀಗೆಯೇ ಶುರುವಾಗಿ, ತಡವಾಗಿ ಹೋದದ್ದಕ್ಕೆ ಮೊಣಕಾಲಿನವರೆಗೆ ಕತ್ತರಿಸಿದ್ದರು. ವರ್ಷ ತುಂಬುವ ಮೊದಲೇ ಅವನು ಹೋದ.

ಇದನ್ನು ಅಣ್ಣನಿಗೆ ನಾನು ಹೇಳುವಂತಿರಲಿಲ್ಲ. ನಮ್ಮಲ್ಲಿ ದೊಡ್ಡವರಾದ ಮೇಲೆ ಅಣ್ಣ ತಂಗಿ ಎದುರೆದುರು ಮಾತಾಡುವುದಿಲ್ಲ. ಅದು ಮರ್ಯಾದೆ. ಊಟವನ್ನು ಬಾಗಿಲ ಹೊರಗೆ ಇಟ್ಟು ಬರುತ್ತಿದ್ದೆ.

ಎಣ್ಣೆ ಸೋಸುವಾಗ ತೊರಿಕಾಳಿಗೆ ಹೇಳಿದೆ. "ನನ್ನ ಬಾಯಿ ಕಟ್ಟಿದೆ. ನಿನ್ನ ಬಾಯಿಗೆ ಮುಚ್ಚಳವೇ ಇಲ್ಲ. ನೀನು ಹೇಳು."

"ಹೇಳಿ ಆಯ್ತು ಮುದುಕಿ. ಆಸ್ಪತ್ರೆಗೆ ಹೋದವರು ಕಾಲು ಅಲ್ಲೇ ಬಿಟ್ಟು ಬರ್ತಾರೆ, ನಾನು ಬರಲ್ಲ ಅಂದ."

"ಹಾಗಾದ್ರೆ?"

"ಹೇಳಿದ್ರೆ ಕೇಳಲ್ಲ. ಕೇಳಿದ್ರೆ ಕೊಡಲೇಬೇಕಲ್ಲ," ಎಂದು ಎಣ್ಣೆ ಕೈಯನ್ನು ನನ್ನ ತಲೆಗೇ ಒರೆಸಿ ಎದ್ದು ಹೋದಳು.

ಆ ಸಂಜೆ ಊರಿನ ಮುಖ್ಯಸ್ಥನ ಮನೆಯಲ್ಲಿ ಗಂಡಸರು ಯಾಂಗೋನ ಬೇರು ಅರೆದು ಕಲಸಿದ ನೀರಿನ ಬೋಗುಣಿಯ ಸುತ್ತ ಕುಳಿತಿದ್ದರು. ನಾನು ಹೊರಗೆ ದೀವಿಹಲಸಿನ ಮರದ ಕೆಳಗಿದ್ದೆ. ಒಳಗಿನದೆಲ್ಲ ಕೇಳಿಸುತ್ತಿತ್ತು. ತೊರಿಕಾ ಕರಟದಲ್ಲಿ ಕೊಟ್ಟದ್ದನ್ನು ಕುಡಿದು, ಪದ್ಧತಿಯಂತೆ ಚಪ್ಪಾಳೆ ತಟ್ಟಿ, "ಅಪಕೂಕಿ, ನಿನ್ನ ಹತ್ರ ಒಂದು ಕೇಳಬೇಕು," ಅಂದಳು.

"ಕೇಳು ತೌವು. ನಿಮ್ಮೂರವರು ಹುಟ್ಟಿದ್ದೇ ಭಿಕ್ಷೆಗೆ," ಅಂದ ಅಣ್ಣ. ಎಲ್ಲರೂ ನಕ್ಕರು.

"ನಿನ್ನ ಎಡಗಾಲು ಕೊಡು."

ನಗು ನಿಂತಿತು.

"ಕಾಲಾ? ಹಂದಿ ಕೇಳು, ಕೊಡ್ತೀನಿ."

"ನಿಮ್ಮ ಹಂದಿಗೆ ನಿನ್ನಷ್ಟೂ ಮೈಯಿಲ್ಲ. ನಂಗೆ ಕಾಲೇ ಬೇಕು. ಇಷ್ಟು ಜನದ ಮುಂದೆ ಕೇಳಿದೀನಿ. ಇಲ್ಲ ಅಂತೀಯೇನೋ?"

ಅಣ್ಣ ಮುಖ್ಯಸ್ಥನ ಕಡೆ ನೋಡಿರಬೇಕು. ಅವನು ಗಂಟಲು ಸರಿಮಾಡಿಕೊಂಡು, "ಕಾಲು ಕೊಡಬಾರದು ಅಂತ ಹಿರಿಯರು ಎಲ್ಲೂ ಹೇಳಿಲ್ಲಪ್ಪ," ಅಂದ.

"ತಗೋ, ಹಾಳಾಗಿ ಹೋಗು," ಅಂದ ಅಣ್ಣ. "ಹೇಗೆ ತಗೊಂಡು ಹೋಗ್ತೀಯ ನೋಡ್ತೀನಿ."

"ದೋಣೀಲಿ. ನಾಳೆ ಬೆಳಿಗ್ಗೆ ನನ್ನ ಕಾಲು ಆಸ್ಪತ್ರೆಗೆ ಹೋಗತ್ತೆ. ನಿಂಗೆ ಇಷ್ಟ ಇದ್ರೆ ಜೊತೆಗೆ ಬಾ. ಬಲವಂತ ಇಲ್ಲ."

ಒಳಗೆ ಯಾರೋ ನಕ್ಕು ನಕ್ಕು ಕೆಮ್ಮಿದರು. ನಾನು ಮರಕ್ಕೆ ಒರಗಿದೆ.

ಬೆಳಿಗ್ಗೆ ಅಣ್ಣ ಬಂದ. ಕೊಟ್ಟ ಮಾತಿಗೆ ಬಂದ, ಕಾಲಿಗಾಗಿ ಅಲ್ಲ. ನಾನು ದೋಣಿಯ ಹಿಂಭಾಗದಲ್ಲಿ ಅವನಿಗೆ ಬೆನ್ನು ಹಾಕಿ ಕುಳಿತೆ. ದಾರಿಯುದ್ದಕ್ಕೂ ತೊರಿಕಾ ಆ ಕಾಲಿನ ಜೊತೆಯಲ್ಲೇ ಮಾತಾಡಿದಳು. "ಚಳಿಯಾಗತ್ತಾ ಮರಿ? ಈ ದಪ್ಪ ಮನುಷ್ಯ ನಿನ್ನನ್ನ ಸರಿಯಾಗಿ ನೋಡ್ಕೊಳ್ಳಲಿಲ್ಲ ಅಲ್ವಾ?" ಅಣ್ಣ ಸಮುದ್ರವನ್ನು ನೋಡುತ್ತಿದ್ದ.

ದೊಡ್ಡ ದ್ವೀಪದ ಆಸ್ಪತ್ರೆಯಲ್ಲಿ ಡಾಕ್ಟರು ಬಟ್ಟೆ ಬಿಚ್ಚಿದರು. ನಾನು ಪರದೆಯ ಈಚೆ ಕುಳಿತಿದ್ದೆ.

"ಕಿರುಬೆರಳು ಕೊಳೆತಿದೆ. ತೆಗೀಲೇಬೇಕು. ಒಪ್ಪಿಗೆ ಇದೆಯಾ?"

"ನನ್ನನ್ನ ಯಾಕೆ ಕೇಳ್ತೀರಿ ಡಾಕ್ಟ್ರೇ," ಅಂದ ಅಣ್ಣ. ಅವನ ದನಿಯಲ್ಲಿ ಗೆದ್ದ ಖುಷಿ ಇತ್ತು. "ಕಾಲು ಅವಳದು. ಅವಳನ್ನ ಕೇಳಿ."

"ಬರೀ ಬೆರಳಾ?" ಅಂದಳು ತೊರಿಕಾ.

"ಈಗ ಬಂದದ್ದಕ್ಕೆ ಬೆರಳು. ಮುಂದಿನ ತಿಂಗಳು ಬಂದಿದ್ರೆ ಪೂರ್ತಿ ಪಾದ ಹೋಗ್ತಿತ್ತು."

ಅವಳು ಪರದೆ ಸರಿಸಿ ನನ್ನ ಹತ್ತಿರ ಬಂದು ನೆಲಕ್ಕೆ ಕುಳಿತಳು. ಬೈಯಲಿಲ್ಲ. "ಅಕ್ಕಾ, ಕೊಟ್ಟುಬಿಡ್ಲಾ?" ಎಂದು ಪಿಸುಗುಟ್ಟಿದಳು.

"ಕೊಡು," ಅಂದೆ.

ಒಳಗಿನಿಂದ ಅಣ್ಣ ಕೂಗಿದ. "ಯಾರನ್ನ ಕೇಳೋಕೆ ಹೋದೆ?"

"ನನ್ನ ಕಾಲಿಗೆ ಒಬ್ಬಳು ತಂಗಿ ಇದಾಳೆ. ಅವಳನ್ನ," ಎಂದು ತೊರಿಕಾ ಎದ್ದು ಹೋದಳು. "ಡಾಕ್ಟ್ರೇ, ಒಂದು ಬೆರಳು ತಗೊಳ್ಳಿ. ಉಳಿದ ನಾಲ್ಕೂ ಜೋಪಾನ."

ಗಾಯ ಮಾಯಲು ಬಹಳ ಕಾಲ ಹಿಡಿಯಿತು. ಆದರೂ ಮಾಯಿತು. ತೊರಿಕಾ ದಿನವೂ ಬೆಳಿಗ್ಗೆ ಕಟ್ಟು ಬಿಚ್ಚಿ ತೊಳೆದು ಮತ್ತೆ ಕಟ್ಟುತ್ತಿದ್ದಳು. ಅಣ್ಣ ಯಜಮಾನನ ಹಾಗೆ ಕುಳಿತು, "ನಿನ್ನ ಕಾಲಲ್ವಾ, ಚೆನ್ನಾಗಿ ತೊಳಿ. ಬೆರಳ ಸಂದೀಲಿ ಬಿಟ್ಟಿದ್ದೀಯ," ಎಂದು ತಪ್ಪು ಹುಡುಕುತ್ತಿದ್ದ. ತೌವುವಿನ ಹಕ್ಕಿನಲ್ಲಿ ಅವಳ ಕೊಡೆಯನ್ನೂ ಡಬ್ಬಿ ಮೀನುಗಳನ್ನೂ ಕೇಳಿ ತೆಗೆದುಕೊಂಡ.

ಮೊನ್ನೆ ನಾನು ಊಟ ಇಟ್ಟು ಬರಲು ಹೋದಾಗ ಬಾಗಿಲ ಹಿಂದೆ ಅವರ ಜಗಳ ಕೇಳಿತು.

"ಚಹಾಕ್ಕೆ ಸಕ್ಕರೆ ಹಾಕ್ಕೊಂಡ್ಯಾ? ನನ್ನ ಕಾಲಿಗೆ ಸಕ್ಕರೆ ಆಗಲ್ಲ."

"ಕಾಲಿಗೆ ಹಾಕಿಲ್ವಲ್ಲೇ. ಬಾಯಿಗೆ ಹಾಕ್ಕೊಂಡೆ. ಬಾಯಿ ನಂದು. ಅದನ್ನ ಯಾರೂ ಕೇಳಿಲ್ಲ."

ಒಳಗೆ ತೊರಿಕಾ ದಡಕ್ಕನೆ ಎದ್ದ ಸದ್ದಾಯಿತು.

ಅವಳು ಬಾಗಿಲು ತೆರೆದಳು. ಅಣ್ಣನ ಬಿಸಿ ಚಹಾ ಪೂರ್ತಿ ನನ್ನ ಪಕ್ಕದ ಬಾಳೆಯ ಬುಡಕ್ಕೆ ಬಂದು ಬಿತ್ತು.