ಒಂದೇ ಮಗ್ಗದ ಎರಡು ಕಡೆ

ಇಬ್ಬರೂ ಒಪ್ಪಿ ವಿಚ್ಛೇದನಕ್ಕೆ ಅರ್ಜಿ ಹಾಕಬೇಕಾದರೆ ಗಂಡ ಹೆಂಡತಿ ಒಂದು ವರ್ಷವಾದರೂ ಬೇರೆಯಾಗಿ ಬಾಳಿರಬೇಕು. ಸಿರುಮುಗೈಯಿಂದ ಕೊಯಮತ್ತೂರಿನ ನನ್ನ ಆಫೀಸಿಗೆ ಬಂದಿದ್ದ ನೇಕಾರ ದಂಪತಿಗೆ ಇದನ್ನು ಹೇಳಿದೆ. ನನ್ನ ಮನೆಮಾತೂ ಕನ್ನಡ ಎಂದು ಗೊತ್ತಾಗಿ ಇಬ್ಬರೂ ತಮಿಳು ಬಿಟ್ಟಿದ್ದರು.

"ಇವರು ತಮ್ಮ ಅಕ್ಕನ ಮನೆಗೆ ಹೋಗಿ ಎರಡು ದೀಪಾವಳಿ ಆಯ್ತು, ವಕೀಲಮ್ಮ," ಎಂದಳು ಹೆಂಡತಿ. "ಆದರೆ ದಿನಾ ಬೆಳಿಗ್ಗೆ ಬಂದು ಮಗ್ಗದಲ್ಲಿ ಕೂರ್ತಾರೆ. ಪಟ್ಟುಸೀರೆಗೆ ಬೇರೆ ಬಣ್ಣದ ಅಂಚು ಹಾಕೋಕೆ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಬೇಕು ತಾನೇ. ಅದು ಒಟ್ಟಿಗೆ ಬಾಳಿದ ಲೆಕ್ಕವಾ?"

ಕಾನೂನಿನಲ್ಲಿ ಮಗ್ಗದ ಮಾತಿಲ್ಲ. ಗಂಡ ಹೆಂಡತಿಯ ಹಾಗೆ ಬಾಳದಿದ್ದರೆ ಸಾಕು ಎಂದೆ. "ಇಬ್ಬರೂ ಮಾತಾಡ್ತೀರಾ?"

"ಎಳೆ ಕಡಿದರೆ ಹೇಳ್ತೀನಿ," ಎಂದಳು ಆಕೆ.

"ಬೇರೆ ಏನೂ ಇಲ್ಲವಾ?"

"ಮದುವೆ ಆದಾಗಿಂದ ಅಷ್ಟೇ ತಾನೇ," ಎಂದ ಗಂಡ. ಆಕೆ ಹೌದೆಂದು ತಲೆಯಾಡಿಸಿದಳು. ಬೇರೆಯಾದದ್ದು ಯಾವಾಗ ಎಂದು ಅರ್ಜಿಯಲ್ಲಿ ಬರೆಯುವಾಗ ಮೊದಲು ಮದುವೆಯ ತಾರೀಖನ್ನೇ ಬರೆದು ಹೊಡೆದುಹಾಕಿದೆ.

ಸಂಜೆ ಮನೆಗೆ ಹೋಗಿ ನನ್ನ ಗಂಡನಿಗೆ ಇದೆಲ್ಲ ಹೇಳಿದೆ. ಫೋನಿನಿಂದ ತಲೆಯೆತ್ತದೆ ಹ್ಞೂಂ ಎಂದರು. ನಮ್ಮ ಮನೆಯಲ್ಲಿ ಮಗ್ಗವೂ ಇಲ್ಲ.