ಅರ್ಧ ಬಾಗಿಲ ಅಜ್ಜಿ

ಒಂದು ಕಣ್ಣು, ಅರ್ಧ ಕುಂಕುಮ, ಕೆಂಪು ಹರಳಿನ ಮೂಗುಬಟ್ಟು. ವಿದ್ಯಾರಣ್ಯಪುರದ ನಮ್ಮ ಬಾಡಿಗೆ ಮನೆಯ ಓನರ್ ಅಜ್ಜಿಯನ್ನು ಎಷ್ಟೋ ವಾರ ನಾನು ಕಂಡದ್ದು ಇಷ್ಟೇ. ಮನೆ ತೋರಿಸಿ ಬೀಗದ ಕೈ ಕೊಟ್ಟವನು ಅವರ ಮಗ. ಮಹಡಿ ಮೇಲಿದ್ದ ಅಜ್ಜಿ ಮಾತ್ರ ಬಾಗಿಲಿನ ಸರಪಳಿ ಬಿಡುವಷ್ಟು ಸಂದಿಯಲ್ಲೇ ಪ್ರಪಂಚವನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದರು. "ಯಾರು? ಯಾಕ್ ಬಂದೆ?" ಹಾಲಿನವನಿಗೂ ಅದೇ, ಬಾಡಿಗೆ ಕೊಡಲು ಹೋದ ನನಗೂ ಅದೇ. ಹತ್ತಿರದ ಜಕ್ಕೂರಿನ ವಿಮಾನ ತರಬೇತಿ ಶಾಲೆಯಿಂದ ಎದ್ದ ಪುಟ್ಟ ವಿಮಾನ ತಾರಸಿ ಮೇಲೆ ಹಾದರೆ, "ಏನ್ ನೋಡ್ಕೊಂಡ್ ಹೋಗ್ತಾನೋ, ಮುಂಡೇದು" ಎಂದು ಒಣಹಾಕಿದ ಹಪ್ಪಳದ ಮೇಲೆ ಸೀರೆ ಹೊದಿಸುವರು.

ನಾವು ಗದಗದ ಕಡೆಯವರು. ಅನುಮಾನ ನನಗೂ ಹುಟ್ಟುಗುಣವೇ, ಆದರೆ ಅಜ್ಜಿಯ ಮುಂದೆ ನಾನು ಯಾವ ಲೆಕ್ಕ! ನನ್ನ ಮಗಳು ಮಾತ್ರ ಇದಕ್ಕೆ ತದ್ವಿರುದ್ಧ. ಇಪ್ಪತ್ತರ ಹುಡುಗಿ, ಬುದ್ಧಿ ಐದು ವರ್ಷದ ಕೂಸಿನದು. ಯಾರು ಕೈ ಚಾಚಿದರೂ ಹಿಡಿದು ಹೊರಟುಬಿಡುವಳು. ನಾನು ಕಣ್ಣು ಮುಚ್ಚಿದ ಮೇಲೆ ಇವಳ ಗತಿ ಏನು ಎಂಬ ಚಿಂತೆ ನನ್ನನ್ನು ಹುರಿದು ಮುಕ್ಕುತ್ತಿತ್ತು. ಅದಕ್ಕೇ ಇಂಥ ಮಕ್ಕಳಿಗೆ ಸಹಾಯಧನ ಎಲ್ಲಿ ಕೊಡುತ್ತಾರೆ, ಮಾಸಾಶನ ಯಾರು ಕೊಡುತ್ತಾರೆ ಎಂದು ಕಂಡಕಂಡವರನ್ನು ಕೇಳುತ್ತಿದ್ದೆ.

ಆ ಸುದ್ದಿಯ ವಾಸನೆ ಹಿಡಿದು ಒಬ್ಬ ನಮ್ಮ ವರಾಂಡಕ್ಕೆ ಬಂದ. ಇಸ್ತ್ರಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ವಿದೇಶದ ಯಾವುದೋ ಟ್ರಸ್ಟು ಅನುದಾನ ಕೊಡುತ್ತದಂತೆ; ಮಗಳ ಫೋಟೋ, ಆಧಾರ್, ಒಂದು ಹೆಬ್ಬೆಟ್ಟು ಸಾಕಂತೆ. ನಾನು ಆಧಾರ್ ತರಲು ಎದ್ದಿದ್ದೆ. ಮಹಡಿಯಲ್ಲಿ ಸರಪಳಿ ಕಳಚಿದ ಸದ್ದಾಯಿತು. ಅಜ್ಜಿ ಮೊದಲ ಸಲ ಇಡಿಯಾಗಿ ಹೊರಗೆ ಬಂದರು. ಗಿಡ್ಡ ಹೆಂಗಸು, ಎರಡೂ ಕಣ್ಣು ಸರಿಯಾಗಿಯೇ ಇದ್ದವು.

"ಕೊಡೋನು ನೀನು, ಹೆಬ್ಬೆಟ್ಟು ಅವಳ್ದ್ಯಾಕೋ? ನಿನ್ ಹೆಬ್ಬೆಟ್ಟು ಒತ್ತಿ, ನಿನ್ ಆಧಾರ್ ಇಟ್ಟೋಗು. ದುಡ್ಡು ಬಂದ್ಮೇಲೆ ತಗೊಂಡ್ ಹೋಗುವಂತೆ."

ನಾಳೆ ಬರ್ತೀನಿ ಎಂದು ಹೋದವನು ಆಮೇಲೆ ಆ ರಸ್ತೆಯನ್ನೇ ಮರೆತ. ಅಜ್ಜಿ ನನ್ನ ಕಡೆ ತಿರುಗಿದರು. "ಪುಕ್ಸಟ್ಟೆ ಸಿಕ್ರೆ ನಂಗೂ ಇರ್ಲಿ, ನಮ್ಮಪ್ಪಂಗೂ ಇರ್ಲಿ ಅನ್ನೋದಾ? ಮೊದ್ಲು ಸರ್ಕಾರಿ ಆಸ್ಪತ್ರೇಲಿ ಸರ್ಟಿಫಿಕೇಟ್ ಮಾಡ್ಸು. ಅದಿದ್ರೆ ಮಿಕ್ಕಿದ್ದೆಲ್ಲಾ."

ಮಾಡಿಸಲು ಹೋದೆ. ಮಗಳ ನ್ಯೂನತೆ ನೂರಕ್ಕೆ ಎಷ್ಟು ಪಾಲು ಎಂದು ಡಾಕ್ಟರು ಬರೆಯಬೇಕು. ಕಡಿಮೆ ಬರೆದರೆ ಮಾಸಾಶನವಿಲ್ಲ. ಅದು ಗೊತ್ತಿದ್ದೂ ತಾಯಿಕರುಳು ಕೇಳಬೇಕಲ್ಲ! ನಾಲ್ಕು ಜನರ ಮುಂದೆ ಮಗಳು ಸಣ್ಣವಳಾಗಬಾರದೆಂದು ಜಡೆ ಹೆಣೆದು, ಹೊಸ ಚೂಡಿದಾರ ತೊಡಿಸಿ, ವಾರಗಟ್ಟಲೆ ಪಾಠ ಹೇಳಿಕೊಟ್ಟಿದ್ದೆ. ಹೆಸರು, ಊರು, ವಾರದ ದಿನಗಳು, ರಾಷ್ಟ್ರಪಕ್ಷಿ. ಕೇಳಿದ್ದಕ್ಕೆಲ್ಲ ಪಟಪಟನೆ ಒಪ್ಪಿಸಿದಳು. ಹಿಗ್ಗಿ ಹೀರೇಕಾಯಿಯಾದೆ. ಸರ್ಟಿಫಿಕೇಟು ಬಂತು, ಮಾಸಾಶನಕ್ಕೆ ಸಾಲಲಿಲ್ಲ.

"ಅಯ್ಯೋ ಮಂಕೇ," ಅಜ್ಜಿ ಹಣೆ ಚಚ್ಚಿಕೊಂಡರು. "ಅಲ್ಲಿ ಅವ್ಳು ಫಸ್ಟ್ ಕ್ಲಾಸ್ ಬಂದ್ರೆ ನೀನು ಫೇಲು ಕಣೇ."

"ಹಂಗಾರ ಏನೂ ಬರಲಾರದಂಗ ನಟನಾ ಮಾಡು ಅಂತ ಹೇಳ್ಕೊಡ್ಲೇನ್ರಿ?" ನನಗೂ ಸಿಟ್ಟು ನೆತ್ತಿಗೇರಿತ್ತು.

"ಬಾಯ್ಮುಚ್ಚು. ಸುಳ್ಳು ಯಾಕೆ? ಇರೋದನ್ನ ತೋರಿಸ್ಬೇಕು. ನಾನ್ ಬರ್ತೀನಿ ನಡಿ."

ಮತ್ತೆ ಅರ್ಜಿ ಹಾಕಿ ಹೊರಟೆವು. ಬಸ್ಸಿನಲ್ಲಿ ಹೆಂಗಸರ ಫ್ರೀ ಟಿಕೆಟ್ ಹರಿದುಕೊಟ್ಟ ಕಂಡಕ್ಟರನ್ನೂ ಅಜ್ಜಿ, "ಇದಕ್ಕೆ ಆಮೇಲೇನ್ ಕೇಳ್ತೀರಪ್ಪಾ?" ಎಂದು ವಿಚಾರಿಸಿದರು. ಆಸ್ಪತ್ರೆಯಲ್ಲಿ ಅದೇ ಡಾಕ್ಟರು, ಅದೇ ಪ್ರಶ್ನೆ. ಮಗಳು "ನವಿಲು" ಎಂದಳು.

"ಸಾರ್, ಅದೆಲ್ಲಾ ಬಾಯಿಪಾಠ," ಅಜ್ಜಿ ನಡುವೆ ಬಾಯಿ ಹಾಕಿದರು. "ನೀವು ಬಾಗಿಲ ಹತ್ರ ಹೋಗಿ ಬಾಮ್ಮಾ ಅಂತ ಕರೀರಿ, ಸಾಕು."

ಡಾಕ್ಟರು ನಕ್ಕು ಎದ್ದರು. ಬಾಗಿಲಲ್ಲಿ ನಿಂತು ಕೈ ಚಾಚಿ "ಬಾಮ್ಮಾ" ಎಂದರು. ಮಗಳು ಎದ್ದಳು. ನನ್ನತ್ತ ಒಮ್ಮೆಯೂ ತಿರುಗದೆ, ಹಿಂದೆ ಒಮ್ಮೆಯಷ್ಟೇ ಕಂಡಿದ್ದ ಆ ಗಂಡಸಿನ ಕೈ ಹಿಡಿದು ನಗುನಗುತ್ತ ಕಾರಿಡಾರಿನ ತುದಿಯವರೆಗೂ ಹೋಗಿಬಿಟ್ಟಳು. ಗೊತ್ತಿದ್ದದ್ದೇ. ಆದರೂ ಕಣ್ಣಾರೆ ಕಂಡಾಗ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ವಾಪಸ್ಸು ಬಂದಾಗ ಡಾಕ್ಟರು ನಗುತ್ತಿರಲಿಲ್ಲ. ಮೊದಲಿಂದ, ನಿಧಾನವಾಗಿ ಪರೀಕ್ಷೆ ಮಾಡಿ ಬೇರೆಯದೇ ಬರೆದರು. ಮಾಸಾಶನ ಮಂಜೂರಾಯಿತು.

"ಇನ್ನ ಚಿಂತಿ ಇಲ್ಲ ಬಿಡ್ರಿ" ಎಂದೆ.

"ಕಳ್ರು ಬರೋದು ಈಗ್ಲೇ" ಎಂದರು ಅಜ್ಜಿ.

ಮರುದಿನದಿಂದ ಮಗಳನ್ನು ತಮ್ಮ ಬಾಗಿಲ ಹಿಂದೆ ಕೂರಿಸಿಕೊಂಡರು. ಗಂಟೆ ಬಾರಿಸಿದವರನ್ನು ಅವಳೇ ವಿಚಾರಿಸಬೇಕು. ಕೇಳದೆ ಬಾಗಿಲು ತೆಗೆದರೆ ಹಪ್ಪಳ ಇಲ್ಲ. ವರ್ಷಗಟ್ಟಲೆ ಇದೊಂದೇ ಪಾಠ. ಅವಳೋ ಪ್ರತಿ ಸಲವೂ ಬಾಗಿಲು ತೆಗೆದು ಹಲ್ಲು ಕಿರಿಯುವಳು. ಅಜ್ಜಿ ತಲೆಗೊಂದು ಮೊಟಕಿ ಮತ್ತೆ ಶುರುಮಾಡುವರು. ನಾನಂತೂ ಆಸೆ ಬಿಟ್ಟಿದ್ದೆ.

ಹೋದ ಚಳಿಗಾಲದಲ್ಲಿ ಅಜ್ಜಿ ನಿದ್ದೆಯಲ್ಲೇ ತೀರಿಕೊಂಡರು. ಅಂದು ಸರಪಳಿ ಸುಮ್ಮನೆ ನೇತಾಡುತ್ತಿತ್ತು, ಬಾಗಿಲು ಹಾರುಹೊಡೆದಿತ್ತು. ಹೂವು ತರಲು ಹೋದ ನಾನು ಬಂದು ನೋಡಿದರೆ, ಬಂದ ಜನವೆಲ್ಲ ಮೆಟ್ಟಿಲ ಮೇಲೇ ಸಾಲಾಗಿ ನಿಂತಿದ್ದರು. ಬಾಗಿಲಿಗೆ ಕೈ ಅಡ್ಡ ಇಟ್ಟುಕೊಂಡು ನಿಂತವಳು ನನ್ನ ಮಗಳು. ಒಬ್ಬೊಬ್ಬರನ್ನೂ ವಿಚಾರಿಸುತ್ತಿದ್ದಳು. ಅಜ್ಜಿಯ ಸ್ವಂತ ಮಗನನ್ನೂ ಬಿಟ್ಟಿರಲಿಲ್ಲ.

ನನ್ನ ಸರದಿ ಬಂತು.

"ಯಾರು?"

"ನಾನಽ ಅದೀನವಾ, ನಿಮ್ಮವ್ವ."

"ಯಾಕ್ ಬಂದೆ?"

ಹೂವು ತೋರಿಸಿದೆ. ಒಂದು ಕಣ್ಣು ಚಿಕ್ಕದು ಮಾಡಿ ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿ, ಆಮೇಲೆ ಕೈ ತೆಗೆದಳು.